ಅಪ್ಪನಿಗೆ ಬರೀ ಬಿಸಿನೀರು

ಸೋಮವಾರ, ರಾತ್ರಿ

ಇಸ್ತ್ರಿ ಅಂಗಡಿ ಬೇಗ ಮುಚ್ಚಿದೆವು. ಇಬ್ಬರಿಗೂ ನೆಗಡಿ. ನನಗೆ ಮೂಗು ಕಟ್ಟಿದೆ, ಅಷ್ಟೆ. ಅಪ್ಪನಿಗೆ ಎದೆ ಕಟ್ಟಿದೆ. ಉಸಿರು ಬಿಟ್ಟರೆ ಒಳಗೆ ಸೀಟಿ ಊದಿದ ಹಾಗೆ. ಡಾಕ್ಟರ ಹತ್ತಿರ ಹೋಗೋಣ ಅಂದರೆ, "ಅಮ್ಮನ ಕಷಾಯ ಇರುವಾಗ ಅವರ್ಯಾಕೆ?" ಅಂತಾರೆ ಅಪ್ಪ. ಅವರಮ್ಮ, ನಮ್ಮಜ್ಜಿ, ಹೇಳಿದರೆ ಮಾತ್ರ ಹೋಗೋರು. ಅವಳೋ... ಶುಂಠಿ ಜಜ್ಜುತ್ತಿದ್ದಾಳೆ, ಮಹಾರಾಣಿ.

ಮಂಗಳವಾರ

ಯೂನಿಫಾರ್ಮ್ ಕೊಡಲು ಮೇಲಿನ ಮನೆ ನರ್ಸಕ್ಕ ಬಂದರು. ಅಪ್ಪನ ಉಸಿರು ಕೇಳಿಸಿಕೊಂಡರು.

"ಅಜ್ಜಿ, ಜೇನು ಕೆಮ್ಮಿಗೆ ಒಳ್ಳೇದೇ, ಪರೀಕ್ಷೆ ಮಾಡಿ ನೋಡಿದಾರೆ. ಬಿಸಿ ಕುಡಿದ್ರೆ ಗಂಟಲಿಗೂ ಹಿತ. ಶುಂಠಿ, ಮೆಣಸು ಕಫ ಕರಗಿಸುತ್ತೆ ಅನ್ನೋಕೆ ಮಾತ್ರ ಗಟ್ಟಿ ಸಾಕ್ಷಿ ಇಲ್ಲ."

"ಸಾಕ್ಷಿನಾ? ಇಷ್ಟೆತ್ತರ ಬೆಳೆದು ಎದುರಿಗೇ ನಿಂತಿದಾನಲ್ಲೇ!"

"ಕೆಲವರಿಗೆ ಕಷಾಯ, ಕೆಲವರಿಗೆ ಬರೀ ಬಿಸಿನೀರು ಕೊಟ್ಟು, ಯಾರಿಗೆ ಬೇಗ ವಾಸಿ ಆಗುತ್ತೆ ಅಂತ ನೋಡ್ತಾರೆ ಅಜ್ಜಿ. ಇವರನ್ನಂತೂ ಡಾಕ್ಟರಿಗೆ ತೋರಿಸಿ."

ಅಜ್ಜಿಗೆ ಮೊದಲ ಅರ್ಧ ಮಾತ್ರ ಕೇಳಿಸಿತು. ನಾಳೆಯಿಂದ ಮನೆಯಲ್ಲೇ ಪರೀಕ್ಷೆಯಂತೆ. ಅಪ್ಪ, "ಬಿಸಿನೀರು ನನಗಿರಲಿ, ಮಗಳು ಕಷಾಯ ಕುಡೀಲಿ" ಅಂದರು.

ನನಗೆ ಈ ಪರೀಕ್ಷೆಯೇ ಬೇಡ ಅನ್ನಿಸಿತು. ಹೇಳಲು ಬಾಯಿ ಬರಲಿಲ್ಲ.

ಶನಿವಾರ

ನನ್ನ ಮೂಗು ಬಿಟ್ಟಿದೆ. ಅಪ್ಪನಿಗೆ ಇಸ್ತ್ರಿಪೆಟ್ಟಿಗೆ ಎತ್ತಲೂ ಆಗಲಿಲ್ಲ. ಗೋಡೆ ಹಿಡಿದು ಕೂತರು.

ಅಜ್ಜಿ ಬೀಗಬೇಕಿತ್ತು. ಕಷಾಯ ಕುಡಿದ ನನಗೇ ವಾಸಿ, ಗೆದ್ದ ಹಾಗೇ ಅಲ್ವಾ... ಸೆರಗಿನ ತುದಿ ಸುತ್ತುತ್ತಾ ನಿಂತಳು.

"ಅವನ ಲೋಟಕ್ಕೂ ಕಷಾಯಾನೇ ಹಾಕ್ತಿದ್ದೆ ಕಣೇ. ಹೆತ್ತ ಕರುಳು. ಬರೀ ನೀರು ಕೊಡೋಕೆ ಕೈ ಬರಲಿಲ್ಲ."

ಅಪ್ಪ ಕೆಮ್ಮಿನ ನಡುವೆ ನಕ್ಕರು. "ಮೊದಲ ಗುಟುಕಿಗೇ ಗೊತ್ತಾಯ್ತಮ್ಮ. ನಿನ್ನ ಆಟ ಯಾಕೆ ಕೆಡಿಸೋದು ಅಂತ ಸುಮ್ಮನಿದ್ದೆ."

ನನ್ನ ಬಾಯಿಂದ ಹೇಗೆ ಬಂತೋ — "ಹಾಗಾದ್ರೆ ಅಪ್ಪನಿಗೆ ಕಷಾಯ ನಾಟಿಲ್ಲ ಅಜ್ಜಿ."

ನನ್ನನ್ನೇ ನೋಡಿದಳು. ಬೈತಾಳೆ ಅಂದುಕೊಂಡೆ. ಮೊಳೆಯಿಂದ ಅಪ್ಪನ ಅಂಗಿ ತೆಗೆದಳು.

"ಏಳೋ ಮಗನೇ. ಡಾಕ್ಟರ ಹತ್ರ ನಡಿ."

ಅಪ್ಪ ಸ್ಕೂಲಿಗೆ ಹೊರಟ ಮಗುವಿನ ಹಾಗೆ ಕೈ ಚಾಚಿದರು. ತೋಳು ತೊಡಿಸಿದಳು.

ಅದೇ ದಿನ, ಕ್ಲಿನಿಕ್ ಬೆಂಚು

ಅಪ್ಪನಿಗೆ ಒಳಗೆ ಮಾಸ್ಕ್ ಹಾಕಿದ್ದಾರೆ. ಮಂಜಿನಂಥ ಹೊಗೆ. ಅಜ್ಜಿ ಬಾಗಿಲ ಸಂದಿಯಿಂದ ಇಣುಕಿದಳು. "ಇದೂ ಹಬೆನೇ ತಾನೇ? ನನ್ನ ಕಷಾಯದ ಲೋಟದಿಂದಲೂ ಏಳ್ತಿತ್ತಲ್ಲ!"

"ಅದರಲ್ಲಿ ಔಷಧಿ ಇದೆ ಅಜ್ಜಿ" ಅಂದರು ಡಾಕ್ಟರು.

"ಇರಲಿ ಬಿಡಪ್ಪ, ನಿಂದೂ ಒಂದು ಪಾಲಿರಲಿ."

ಆಮೇಲೆ ಬಂದು ನನ್ನ ಕೈ ಹಿಡಿದಳು, ಬರೆಯೋ ಕೈಯನ್ನೇ. ಅಕ್ಷರ ಸೊಟ್ಟ ಆಗ್ತಿದೆ. ಬಿಡು ಅನ್ನಲಾರೆ.

ಬಾಗಿಲು ತೆರೆಯಿತು. ಅಪ್ಪ ನಡೆದುಕೊಂಡೇ ಬರುತ್ತಿದ್ದಾರೆ, ಮುಖದಲ್ಲಿ ನಗು, ಉಸಿರಲ್ಲಿ ಸೀಟಿ ಇಲ್ಲ.