ಅಂಚು ಕತ್ತರಿಸದ ಥಾನುಗಳು

ಸೂರತ್ ಬಂದರು, ಮಾಘ ಶುದ್ಧ ದಶಮಿ

ಚಿರಂಜೀವಿ ಮೇಘಜಿಗೆ ಅಪ್ಪನ ಆಶೀರ್ವಾದ. ಅರಬರ ಮೊಖಾ ಬಂದರಿನ ಬಿಸಿಲಿಗೆ ನಿನ್ನ ಕಣ್ಣುರಿ ಹೇಗಿದೆ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀಯೋ ಇಲ್ಲವೋ? ನಿನ್ನಮ್ಮ ಖಾಖ್ರಾ ರೊಟ್ಟಿ ಕಟ್ಟಿ ಕಳಿಸಿದ್ದಾಳೆ. ಪುಡಿಯಾಗಿದ್ದರೆ ನಾವಿಕರನ್ನು ಬೈಯಿ, ಅವಳನ್ನಲ್ಲ.

ಈಗ ಸುದ್ದಿ ಕೇಳು. ಗಿರಿಧರ ಮುನ್ಷಿ ಸಿಕ್ಕಿಬಿದ್ದ! ಸುಂಕದ ಕಟ್ಟೆಯಲ್ಲಿ ಹದಿನಾಲ್ಕು ವರ್ಷ ಮುದ್ರೆ ಹಿಡಿದು ಮೆರೆದ ಪಾಪಿ. 'ಮುದ್ರೆ ಬೇಕಾ ಸೇಠ್? ಮೊದ್ಲು ನಾಲ್ಕು ಒಳ್ಳೇ ಥಾನು ಬಟ್ಟೆ ನಮ್ಮನೆಗೆ ಹೋಗ್ಲಿ' ಅನ್ನುತ್ತಿದ್ದನಲ್ಲ, ನೀನೊಬ್ಬ ಕೊಡಲ್ಲ ಅಂದೆ. ಅಷ್ಟಕ್ಕೇ ನಮ್ಮ ನಾಲ್ಕು ಥಾನು ಕಿತ್ತುಕೊಂಡು, ಕಳ್ಳಮುದ್ರೆ ಒತ್ತಿದನೆಂದು ನಿನ್ನ ಮೇಲೆ ಆರೋಪ ಹೊರಿಸಿದ. ಸಿಕ್ಕ ಹಡಗು ಹತ್ತಿ ಓಡಿದೆ ನೀನು. ಆರೋಪ ಹೊರಿಸಿದವನೇ ಅದು ಸುಳ್ಳೆಂದು ಬರೆದುಕೊಡದೆ ನೀನು ಊರಿಗೆ ಕಾಲಿಡುವ ಹಾಗಿಲ್ಲ. ಮೂರು ವರ್ಷ ಹಲ್ಲು ಕಚ್ಚಿ ಕಾದಿದ್ದೇನೆ.

ಅವನಿಗೆ ಬುರ್ಹಾನ್‌ಪುರಕ್ಕೆ ವರ್ಗವಾಯಿತು. ಮನೆಸಾಮಾನು ಅಂತ ಮುದ್ರೆಯಿಲ್ಲದೆ ಹನ್ನೊಂದು ಗಂಟು ಹೊರಡಿಸಿದ. ಮುದ್ರೆಯಿಲ್ಲದ ಗಂಟನ್ನು ಎಲ್ಲರೆದುರು ಬಿಚ್ಚಬೇಕೆಂದು ಕಟ್ಟಳೆ ಬಿಗಿ ಮಾಡಿದವನೂ ಅವನೇ. ನಾನು ಸುಂಕದ ಕಟ್ಟೆಗೆ ಹೊಸ ಅಧಿಕಾರಿಯಾಗಿ ಬಂದ ಮಿರ್ಜಾ ಸಾಹೇಬರಿಗೆ ಕೈಮುಗಿದೆ. 'ಹುಜೂರ್, ನಮ್ ಗಂಟು ಬಿಚ್ಚಿಸ್ತೀರಿ, ಮುನ್ಷಿಗಳದ್ದು ಮಾತ್ರ ಯಾಕೆ ಹಂಗೇ ಬಿಡ್ತೀರಿ?' ಅಂದೆ. ಬಿಚ್ಚಿಸಿಯೇಬಿಟ್ಟರು! ತಾಪಿ ನದಿಯ ದಂಡೆಯ ಮರಳಿನ ಮೇಲೆ ಥಾನುಗಳನ್ನು ಒಂದೊಂದಾಗಿ ಬಿಡಿಸಿದರೆ, ಪ್ರತಿ ಅಂಚಿನಲ್ಲೂ ಒಬ್ಬೊಬ್ಬ ವ್ಯಾಪಾರಿಯ ಮನೆಯ ಗುರುತು. ಅಂಚು ಕತ್ತರಿಸಿದರೆ ಅದು ತುಂಡುಬಟ್ಟೆ, ಯಾರೂ ಮೂಸಿ ನೋಡುವುದಿಲ್ಲ; ಅದಕ್ಕೇ ಆ ಆಸೆಬುರುಕ ಕತ್ತರಿ ಮುಟ್ಟಿಸಿರಲಿಲ್ಲ. 'ಅಯ್ಯೋ, ಇದು ನಂದು!' 'ಲೇ, ಅದು ನಮ್ಮಪ್ಪಂದು ಕಣೋ!' ಎಂದು ಎಲ್ಲರೂ ಮುಗಿಬಿದ್ದರು. ನಮ್ಮ ನವಿಲಿನ ಗುರುತಿನ ನಾಲ್ಕೂ ಅಲ್ಲೇ ಇದ್ದವು. ಮುನ್ಷಿಯ ಪೇಟ ಯಾರ ಕಾಲಡಿ ಸಿಕ್ಕಿತೋ. ಜೈನನಾದವನು ಇನ್ನೊಬ್ಬನ ದುಃಖಕ್ಕೆ ಹೀಗೆ ಹಿಗ್ಗಬಾರದು, ಗೊತ್ತು. ಆದರೂ ಹೊಟ್ಟೆತುಂಬ ಹಿಗ್ಗಿಬಿಟ್ಟೆ, ಮಗಾ.

ಆದಿನಾಥ ಸ್ವಾಮಿ ನಿನ್ನನ್ನು ಚೆನ್ನಾಗಿಡಲಿ. ನಿನ್ನ ಜೊತೆಯವರಿಗೆಲ್ಲ ನನ್ನ ಜಯ ಜಿನೇಂದ್ರ ತಿಳಿಸು.

ನಿನ್ನ ಅಪ್ಪ,
ಹೀರಜಿ

ಮರೆತ ಮಾತು: ಕಾಗದ ಒಯ್ಯುವವನು ಬಾಗಿಲಲ್ಲಿ ನಿಂತಿದ್ದಾನೆ. ಬೆಳಿಗ್ಗೆ ಮುನ್ಷಿ ಬಂದು ನನ್ನ ಕಾಲು ಹಿಡಿದ. 'ಆ ಥಾನು ಉಡುಗೊರೆ ಕೊಟ್ಟಿದ್ದು ಅಂತ ಉಳಿದೋರೆಲ್ಲ ಹೇಳೋಕೆ ಒಪ್ಪಿದಾರೆ ಸೇಠ್‌ಜಿ. ನೀವೊಬ್ರು ಹೇಳ್ಬಿಡಿ, ನಿಮ್ ಹುಡುಗ ಇದೇ ಹಡಗಲ್ಲಿ ವಾಪಸ್ ಬರ್ಲಿ' ಅಂದ. ನಿನ್ನ ಮೇಲಿನ ಆರೋಪ ಸುಳ್ಳೆಂದು ಬರೆದ ಕಾಗದ ಅವನ ಕೈಯಲ್ಲೇ ಇತ್ತು. ನಾನು ಅದನ್ನು ಹರಿದು ಅವನ ಮುಖಕ್ಕೆ ಎಸೆದೆ. ಅವನು ಸೆರೆಮನೆ ಸೇರುತ್ತಾನೆ. ನೀನು ಬರಬೇಡ, ಬಂದರೆ ಹಿಡಿಯುತ್ತಾರೆ. ನಿನ್ನಮ್ಮನಿಗೆ ಇನ್ನೂ ಹೇಳಿಲ್ಲ.