ಗಾಲಿಗೆ ಕರಿ ಬೊಟ್ಟು

ನವೆಂಬರ್ 12, ಮಂಗಳವಾರ. ಬೆಳಿಗ್ಗೆ 7

ಶಟರ್ ಎತ್ತಿದೆ. ಊದುಬತ್ತಿ ಹಚ್ಚಿದೆ. ನಿನ್ನೆಯ ಲೆಕ್ಕ ಬರೆಯುವುದು ಬಾಕಿ. ಬಂಡಿ ಎಳೆದು ತಂದ ಟ್ರ್ಯಾಕ್ಟರಿಗೆ 1,200. ಬ್ರೇಕ್ ಡ್ರಮ್, ಬೇರಿಂಗ್, ಲೈನರ್ — 4,350. ಹದಿನಾಲ್ಕು ಹೆಣ್ಣಾಳಿನ ಅರ್ಧ ದಿನದ ಕೂಲಿ 2,100. ಅವರ ಚಹಾ, ಬಿಸ್ಕೀಟು 210. ಒಟ್ಟು 7,860. ಎಲ್ಲ ನನ್ನ ಗಂಟಿನಿಂದ. ತಪ್ಪು ನನ್ನ ಗ್ಯಾರೇಜಿನದು.

ದೇವಾಪುರದ ಮರಿಲಿಂಗ ಹತ್ತಿ ಬಿಡಿಸುವ ಹೆಂಗಸರನ್ನು ಕ್ರೂಸರ್ ಜೀಪಿನಲ್ಲಿ ದಿನಾ ದೋರನಹಳ್ಳಿಗೆ ಒಯ್ಯುತ್ತಾನೆ. ನಡುವೆ ಶಹಾಪುರದಲ್ಲಿ ನನ್ನ ಗ್ಯಾರೇಜು. ನಿನ್ನೆ ನಿಲ್ಲಿಸಿ, “ಹಿಂದಿನ ಎಡಗಾಲಿ ಹಿಡ್ಯಾಕತ್ತದ್ರಿ” ಅಂದ. ನಬಿಸಾಬ ಮಿಸ್ತ್ರಿ ಎಂದಿನಂತೆ ಬಲಗೈ ಗೆಣ್ಣು ತಾಗಿಸಿ ನೋಡಿದರು. “ಥಂಡ ಅದ. ಹೋಗು.”

ಮೂವತ್ತು ವರ್ಷ ಆ ಕೈ ಹೇಳಿದ್ದೇ ತೀರ್ಪು. ಹೋದ. ದೋರನಹಳ್ಳಿ ಎರಡು ಕಿಲೋಮೀಟರ್ ಇರುವಾಗ ಗಾಲಿಯಿಂದ ಹೊಗೆ, ಹಿಂದೆಯೇ ಉರಿ. ಹೆಂಗಸರು ಜಿಗಿದು ಉಳಿದರು.

ಅದೇ ದಿನ, ಸಂಜೆ

ಮಿಸ್ತ್ರಿ ಹೊಸ ಡ್ರಮ್ ಕೂರಿಸುತ್ತಿದ್ದರು. ಬಲಗೈ ಗೆಣ್ಣಿನ ಮೇಲೆ ರೂಪಾಯಿ ಅಗಲದ ಗುಳ್ಳೆ.

“ಕಾಕಾ, ಕೈಗೇನಾತ್ರಿ?”

“ಯಾವ ಕೈಗಿ?”

ಎರಡೂ ಕೈ ತಿರುಗಿಸಿ ನೋಡಿಕೊಂಡರು — ಬೇರೆಯವರ ಸಾಮಾನು ನೋಡಿದ ಹಾಗೆ. ನಿನ್ನೆ ಬಿಸಿ ಗಾಲಿ ಕೈ ಸುಟ್ಟಿದೆ. ಸುಟ್ಟದ್ದು ಅವರಿಗೆ ತಿಳಿದಿಲ್ಲ. ಒಂಬತ್ತು ವರ್ಷದ ಶುಗರ್, ಕೈಯ ಸ್ಪರ್ಶವೇ ಸತ್ತಿದೆ.

“ಯಾವಾಗಿಂದ್ರಿ?”

“ಮಳಿಗಾಲದಿಂದ.” ಬೋಲ್ಟು ಬಿಗಿಯುತ್ತಿದ್ದ ಪಾನಾ ಕೆಳಗಿಟ್ಟರು. “ಶೇಖವ್ವ, ಯಾರ ಮುಂದೂ ಅನಬ್ಯಾಡ.”

ನವೆಂಬರ್ 19

ಏಳು ದಿನವಾಯಿತು, ಮಿಸ್ತ್ರಿ ಕೆಲಸಕ್ಕೆ ಬಂದಿಲ್ಲ. ಇಂದು ಅವರ ಹೆಂಡತಿ ಮುನ್ನಿಬೀ ಬಂದು ಪಾನಾ ಚೀಲ ಮೇಜಿನ ಮೇಲಿಟ್ಟಳು. “ಕೈಯೇ ಹ್ವಾದ ಮ್ಯಾಲ ಮಿಸ್ತ್ರಿ ಯಾತಕ ಅಂತಾರ್ರಿ ಅಕ್ಕಾ. ಗ್ವಾಡಿ ಕಡಿ ಮಾರಿ ಮಾಡಿ ಮಲಗ್ಯಾರ. ಮೊನ್ನಿ ಜಳಕದ ನೀರು ಕುದಿಯೋವು ಕಾಲಿಗಿ ಸುರಕೊಂಡ್ರು. ತೊಗಲು ಸುಲದದ. ಗೊತ್ತs ಆಗಿಲ್ಲ.”

ಚೀಲ ಗೂಟಕ್ಕೆ ತೂಗುಹಾಕಿದೆ. “ಇಲ್ಲೇ ಇರ್ಲಿ. ಬರ್ತಾರ.”

ಚಹಾ ಮಾರಿ, ಗ್ರೀಸ್ ಡಬ್ಬಿ ಮಾರಿ, ಆ ಮನುಷ್ಯನ ಮಗ್ಗುಲಲ್ಲಿ ನಿಂತು ಕಟ್ಟಿದ ಗ್ಯಾರೇಜು ಇದು. ಹೊರಗಿನವರಿಗೆ ಬೋರ್ಡು ನನ್ನದು, ನಂಬಿಕೆ ಅವರದು. ಬಿಡುವುದಿಲ್ಲ. ಬಿಸಿ ಹೇಳಲು ಕೈ ಬೇಡ, ಬೇರೆ ಏನಾದರೂ ಸಿಗಬೇಕು.

ನವೆಂಬರ್ 20

ಕೊರೊನಾದಾಗ ಗಿರಾಕಿಗಳ ಹಣೆಗೆ ಹಿಡಿದು ಜ್ವರ ನೋಡಲು ಕೊಂಡ ಗನ್ ನೆನಪಾಯಿತು. ಕೊಂಡ ವಸ್ತು ಸುಮ್ಮನೆ ಕೂತರೆ ನನಗೆ ನಿದ್ದೆ ಬಾರದು. ಹುಡುಕಿ, ಸೆಲ್ ಹಾಕಿ, ಲಾರಿಯ ಗಾಲಿಗೆ ಹಿಡಿದೆ. ಕೆಂಪು ಲೈಟು, ಕಿರುಚಾಟ. ಇಂಜಿನ್ನಿಗೆ ಹಿಡಿದೆ — ಅದೇ. ನಲವತ್ತಮೂರು ಡಿಗ್ರಿ ದಾಟಿದ್ದೆಲ್ಲ ಅದಕ್ಕೆ ಜ್ವರವೇ. ಡ್ರೈವರ್ ಕೇಳಿದ, “ಅಕ್ಕಾ, ನನ್ನ ಲಾರಿಗಿ ಗುಳಿಗಿ ಬರದು ಕೊಡ್ತೀರೇನ್ರಿ?”

ಗನ್ ಮತ್ತೆ ಡ್ರಾಯರಿಗೆ.

ನವೆಂಬರ್ 21. ಯಾದಗಿರಿ

ಗಯಾಸನ ಅಂಗಡಿ. ಬಿಸಿ ಅಳೆಯುವ ಗನ್ ಮೂರು ತೋರಿಸಿದ. ಮೊದಲು ಆರು ಸಾವಿರದ್ದು. “ಹದಿನಾರು ನೂರು ಡಿಗ್ರಿ ತನಕ ತೋರಸ್ತದ್ರಿ ಅಕ್ಕಾ.”

“ನಾ ಏನು ಉಕ್ಕು ಕರಗಸ್ತೀನೇನಪಾ? ಬ್ರೇಕ್ ನೋಡ್ಬೇಕು.”

ಒಂಬೈನೂರರದ್ದು — ತುಸು ದೂರ ಹಿಡಿದರೆ ಡ್ರಮ್ಮನ್ನೂ ಟೈರನ್ನೂ ಕೂಡಿಸಿ ಸರಾಸರಿ ಹೇಳುತ್ತದೆ. ಸರಾಸರಿ ನಂಬಿ ಹದಿನಾಲ್ಕು ಜೀವ ಕಳಿಸಲಾರೆ. ನಡುವಿನದು ಒಂದಡಿಯಿಂದ ಒಂದಿಂಚು ಜಾಗವನ್ನಷ್ಟೇ ನೋಡುತ್ತದೆ. 550 ಡಿಗ್ರಿವರೆಗೆ. ನಮಗೆ ಧಾರಾಳ. 2,300 ಅಂದ. ಎದ್ದು ಬಾಗಿಲವರೆಗೆ ಬಂದೆ. 1,850.

ನವೆಂಬರ್ 22

ಮರಿಲಿಂಗ ಬಂದ. ಗಾಲಿಯ ತೂತಿನಿಂದ ಡ್ರಮ್ಮಿಗೆ ಗನ್ ಹಿಡಿದೆ. ಬಲಕ್ಕೆ 72. ಎಡಕ್ಕೆ 46. ಖುಷಿಯಾಗಿ “ಹೋಗು” ಅನ್ನುವಷ್ಟರಲ್ಲಿ ಸಂಶಯ ಬಂದಾಗ ಮಿಸ್ತ್ರಿ ಮಾಡುತ್ತಿದ್ದ ಹಳೇ ಪದ್ಧತಿ ನೆನಪಾಗಿ ಎಡಕ್ಕೆ ನಾಲ್ಕು ಹನಿ ನೀರು ಚಿಮುಕಿಸಿದೆ.

ಚುಂಯ್ ಅಂದಿತು.

46 ಡಿಗ್ರಿಗೆ ನೀರು ಕುದಿಯುತ್ತದೆಯೇ? ಹೆಂಗಸರನ್ನು ಇಳಿಸಿದೆ. ಆಟೋ ಹಿಡಿದು ನಬಿಸಾಬರ ಮನೆಗೆ. “ಕಾಕಾ, ಗನ್ ಒಂದು ಹೇಳ್ತದ, ನೀರು ಒಂದು ಹೇಳ್ತದ. ನನ್ನ ಬುದ್ಧಿ ಇಲ್ಲಿಗಿ ಮುಗೀತ್ರಿ.”

ಗೋಡೆ ಕಡೆ ಇದ್ದ ಮುಖ ತಿರುಗಿತು. “ಯಾವ ಡ್ರಮ್ಮು?”

“ನೀವು ಹಾಕಿದ್ದು. ಹೊಸಾದು.”

ಬಂದರು, ಕಾಲಿಗೆ ಬಟ್ಟೆ ಸುತ್ತಿಕೊಂಡೇ. ಗನ್ ಇಸಕೊಂಡು ಎಡಕ್ಕೆ, ಬಲಕ್ಕೆ ನಾಲ್ಕು ಸಲ ಹಿಡಿದರು. ಬಲದ್ದು ಹಳೆಯ, ಜಂಗು ಹಿಡಿದ ಡ್ರಮ್. ಎಡದ್ದು ಬೆಳ್ಳಗೆ ಹೊಳೆಯುತ್ತಿತ್ತು. “ಹೊಳಿಯೋದು ಕನ್ನಡಿ ಇದ್ದಂಗ ಶೇಖವ್ವ. ಎದುರಿಗಿ ಇದ್ದದ್ದು ತೋರಸ್ತದ, ತನ್ನ ಬಿಸಿ ತೋರ್ಸಲ್ಲ.” ಸೈಲೆನ್ಸರಿಗೆ ಹೊಡೆಯುವ ಕರಿ ಬಣ್ಣದಲ್ಲಿ ಬ್ರಶ್ ಅದ್ದಿ, ಡ್ರಮ್ಮಿನ ಮೇಲೆ ಒಂದು ಬೊಟ್ಟು ಇಟ್ಟರು. ಒಣಗಿದ ಮೇಲೆ ಅಲ್ಲಿಗೇ ಗನ್ ಹಿಡಿದರು.

131.

“ಬ್ರೇಕು ಬಿಗಿ ಆಗ್ಯಾದ. ಹ್ವಾದ ಸಲ ನಾನೇ ಬಿಗಿ ಮಾಡೀನಿ.” ಮರಿಲಿಂಗನ ಮುಂದೆಯೇ ಅಂದರು. ಗೂಟದ ಚೀಲಕ್ಕೆ ಕೈ ಚಾಚಿದರು.

ನವೆಂಬರ್ 30

ಮೂರು ಕ್ರೂಸರ್, ಎರಡು ಟಂಟಂ ಆಟೋ, ಸುರಪುರದ ಒಂದು ಟಿಪ್ಪರ್. ಎಲ್ಲರದೂ ಒಂದೇ ಮಾತು — “ನಮಗೂ ಕರಿ ಬೊಟ್ಟು ಇಡ್ರಿ.” ಮರಿಲಿಂಗ ಊರೆಲ್ಲ ಹೇಳಿದ್ದಾನೆ: ಗಾಲಿಗೆ ದೃಷ್ಟಿಯಾಗಿತ್ತು, ನಬಿಸಾಬ ತೆಗೆದರು.

“ದೃಷ್ಟಿ ಅಲ್ಲೋ, ಲೆಕ್ಕ ಅದು” ಅಂದೆ.

“ಅದ್ಕs ಕೇಳ್ತೀನ್ರಿ, ಮುಂದಿನ ಗಾಲಿಗೂ ಇಡ್ರಿ” ಅಂದ ಟಿಪ್ಪರಿನವ.

ಮಿಸ್ತ್ರಿ ನಕ್ಕರು. ಹದಿನೆಂಟು ದಿನಕ್ಕೆ ಮೊದಲ ಸಲ.

ಡಿಸೆಂಬರ್ 9. ಸಂಜೆ

ಮುನ್ನಿಬೀ ಬಂದಿದ್ದಳು. ಜಳಕದ ನೀರು ನೋಡಲು ಗನ್ ಸಂಜೆಗೊಮ್ಮೆ ಕೊಡುತ್ತೀರಾ ಅಂತ ಕಳೆದ ವಾರ ಕೇಳಿದ್ದಳು. “ನಂಬರ್ ಓದಾಕ ಬರಲ್ರಿ ನನಗ” ಎಂದೂ ಅಂದಿದ್ದಳು. ಡ್ರಾಯರಿನಿಂದ ಕೊರೊನಾ ಗನ್ ತೆಗೆದು ಕೊಟ್ಟಿದ್ದೆ. “ಓದೋದು ಬ್ಯಾಡ. ನೀರಿಗಿ ಹಿಡಿ. ಕೆಂಪು ಹತ್ತಿ ಕಿರುಚಿದ್ರ ತಣ್ಣೀರು ಬೆರಸು.” ಇವತ್ತು ಹೇಳಿದಳು — ಕಾಲಿನ ಗಾಯ ಒಣಗಿದೆ.

ಯಾರಿಗೆ ಏನು ಸಿಕ್ಕಿತು, ಬರೆದುಬಿಡುತ್ತೇನೆ.

ಗಯಾಸನಿಗೆ 1,850. ಮರಿಲಿಂಗನಿಗೆ ತಪ್ಪದ ಬಾಡಿಗೆ, ನಾಲ್ಕು ಬೊಟ್ಟು. ಹದಿನಾಲ್ಕು ಹೆಂಗಸರಿಗೆ ಪೂರ್ತಿ ಕೂಲಿ, ಹೋದಷ್ಟೇ ಮಂದಿ ವಾಪಸು. ಮುನ್ನಿಬೀಗೆ ಗುಜರಿಗೆ ಹೋಗಬೇಕಿದ್ದ ಗನ್. ನಬಿಸಾಬರಿಗೆ ಗೂಟದಿಂದ ಇಳಿದ ಚೀಲ. ನನಗೆ 7,860 ಹೋದದ್ದು, ಬಂದದ್ದು...

ಹೊರಗೆ ಬಂಡಿ ನಿಂತಿದೆ. ಕಾಕಾ ಕೂಗುತ್ತಿದ್ದಾರೆ — “ಶೇಖವ್ವ, ಬರಕೋ. ಎಡ ಅರವತ್ತೆಂಟು. ಬಲ ಅರವತ್ತೇಳು. ಸಮ ಅದ.”