ಕಿವಿಯಲ್ಲಿಟ್ಟ ಕಾಳು

ಕಮಲಾಪುರ
ಬುಧವಾರ, 11 ಜೂನ್ 2025

ಸೃಷ್ಟಿಯ ಅಪ್ಪನವರಿಗೆ ಕಾವೇರಿಯ ಜೈ ಭೀಮ್.

ಮೊಣಕಾಲು ನೋವು ಹೇಗಿದೆ? ಎಣ್ಣೆ ಹಚ್ಚಿಕೊಳ್ಳುತ್ತಿದ್ದೀರೋ, ಇಲ್ಲ ಬಾಟಲಿಯನ್ನು ಟ್ರಂಕಿನಲ್ಲಿಟ್ಟು ಕಾಯುತ್ತಿದ್ದೀರೋ? ಛತ್ತೀಸಗಢದ ಕಾಡಿನಲ್ಲಿ ಸೊಳ್ಳೆ ಬಹಳ ಎಂದು ಟೀವಿಯಲ್ಲಿ ತೋರಿಸಿದರು, ನಿಮ್ಮ ಪೊಲೀಸ್ ಪಡೆಯ ಕ್ಯಾಂಪಿನಲ್ಲಿ ಪರದೆ ಕಟ್ಟಿಕೊಂಡೇ ಮಲಗಿರಿ. ನಾನೂ ಮಗಳೂ ಆರಾಮ ಇದ್ದೇವೆ. ಕುಶಲ ಕೇಳುವುದು ಇಲ್ಲಿಗೆ ಮುಗಿಯಿತು, ಇನ್ನು ಮುಂದಿನದೆಲ್ಲ ಸಿಟ್ಟು. ಫೋನಿನಲ್ಲಿ ನಾನು ದನಿ ಏರಿಸಿದ ಕೂಡಲೇ ನಿಮ್ಮ ಕ್ಯಾಂಪಿನ ಟವರ್ ಹೋಗಿಬಿಡುತ್ತದೆ, ಅದಕ್ಕೇ ಈ ಕಾಗದ. ಇದನ್ನು ಕಟ್ ಮಾಡಲು ಬರುವುದಿಲ್ಲ. ಕೂತು ಪೂರಾ ಓದಿರಿ.

ಕಳೆದ ಭಾನುವಾರ ನಿಮ್ಮ ಅಕ್ಕ ಸಾವಿತ್ರಿಬಾಯಿಯವರ ಸುಪುತ್ರ ವಿವೇಕಾನಂದ ಫೋನು ಮಾಡಿ, ‘ಅತ್ತಿ, ಸೃಷ್ಟಿನ ಕರ್ಕೊಂಡು ಕಲಬುರಗಿಗಿ ಬರ್ರಿ, ಛಲೋ ಪಿಚ್ಚರ್ ಬಂದದ, ತಿಕೀಟ್ ತೆಗಿಸೀನಿ’ ಎಂದ. ಸರ್ಕಾರಿ ನೌಕರಿ ಸಿಕ್ಕ ಮೇಲೆ ಆರು ತಿಂಗಳಿಂದ ಈ ಕಡೆ ತಲೆ ಹಾಕದ ಹುಡುಗ ತಾನಾಗಿ ಕರೆದಿದ್ದಾನೆ, ಮದುವೆ ಮಾತೇ ತೆಗೆಯುತ್ತಾನೆ ಎಂದುಕೊಂಡೆ ನಾನು ಹುಚ್ಚಿ. ನಿಮ್ಮ ಮಗಳು ಓಢಣಿ ಬದಲಿಸಿದ್ದೇ ಬದಲಿಸಿದ್ದು. ನಾನು ನಿಮ್ಮ ಅಕ್ಕನ ಮನೆಗೆಂದು ನಮ್ಮೂರಿನ ಕೆಂಪು ಬಾಳೆಹಣ್ಣು ಚೀಲದಲ್ಲಿ ಕಟ್ಟಿಕೊಂಡೆ. ಬಸ್ಸಿನಲ್ಲಿ ಹಣ್ಣು ಜಜ್ಜಬಾರದು ಎಂದು ತೊಡೆಯ ಮೇಲೆ ಕೂಸಿನಂತೆ ಇಟ್ಟುಕೊಂಡು ಹೋದೆ.

ಪಿಚ್ಚರಿನ ಕಥೆ ನಿಮಗೂ ತಿಳಿಯಲಿ. ಇನ್ನು ನೂರು ವರ್ಷಕ್ಕೆ ಬರುವ ಯಾವುದೋ ಊರು. ಅಲ್ಲಿ ಮಗು ಹುಟ್ಟಿದ ಕೂಡಲೇ ಅದರ ಕಿವಿಯೊಳಗೆ ತೊಗರಿ ಕಾಳಿನಷ್ಟು ಒಂದು ಯಂತ್ರ ಕೂಡಿಸುತ್ತಾರೆ. ಅದಕ್ಕೆ ಯಾರನ್ನು ಜೋಡಿ ಎಂದು ಸರ್ಕಾರ ಗೊತ್ತು ಮಾಡಿದೆಯೋ ಅವರ ದನಿ ಮಾತ್ರ ದೊಡ್ಡವರಾದ ಮೇಲೆ ಆ ಕಿವಿಗೆ ಹಾಡಿನಂತೆ ಕೇಳುತ್ತದೆ. ಉಳಿದವರದೆಲ್ಲ ಬರೀ ಮಾತು. ಒಬ್ಬ ಹುಡುಗಿಗೆ ಒಬ್ಬ ಹುಡುಗನ ದನಿ ಹಾಗೆ ಕೇಳುತ್ತದೆ, ಪ್ರೀತಿ ಆಗುತ್ತದೆ, ಮಂಜಿನಲ್ಲಿ ಡ್ಯಾನ್ಸೂ ಆಗುತ್ತದೆ. ಆಮೇಲೆ ಅವಳಿಗೆ ಅನುಮಾನ ಹೊಗುತ್ತದೆ: ಇವನನ್ನು ಪ್ರೀತಿಸುತ್ತಿರುವುದು ನಾನೋ, ಕಿವಿಯ ಕಾಳೋ? ಕದ್ದು ಒಬ್ಬ ಡಾಕ್ಟರ ಹತ್ತಿರ ಹೋಗಿ ಅದನ್ನು ತೆಗೆಸಿಬಿಡುತ್ತಾಳೆ. ಮರುದಿನ ಅದೇ ಹುಡುಗ ಬಂದು ಹೆಸರು ಹಿಡಿದು ಕರೆದರೆ ನೆಗಡಿಯಾದವನ ದನಿ! ಅವಳು ಬಹಳ ಹೊತ್ತು ಅವನ ಮುಖ ನೋಡಿ ‘ಇನ್ನೊಂದು ಸಲ ಕರೆ’ ಅನ್ನುತ್ತಾಳೆ. ಅಷ್ಟಕ್ಕೇ ಮುಗಿಯಿತು. ಸೃಷ್ಟಿ ಕಣ್ಣು ಒರೆಸಿಕೊಂಡಳು. ನಾನೂ ಸೆರಗು ಕಣ್ಣಿಗೆ ಹಚ್ಚಿದೆ, ಯಾಕೆ ಸುಳ್ಳು ಹೇಳಲಿ.

ಅಲ್ಲಿಂದ ವಿವೇಕಾನಂದ ನಮ್ಮನ್ನು ಸ್ಟೇಶನ್ ಬಜಾರದ ಹೋಟೆಲಿಗೆ ಕರೆದುಕೊಂಡು ಹೋಗಿ ಮಿರ್ಚಿ ಭಜಿ, ಚಹಾ ತರಿಸಿದ. ಮಗಳ ಮುಖ ನೋಡುವ ಧೈರ್ಯ ಇಲ್ಲ, ನನ್ನನ್ನೇ ನೋಡುತ್ತ ಅಂದ: ‘ಪಿಚ್ಚರ್ ನೋಡಿದ್ರಲ್ಲ ಅತ್ತಿ, ಹಣಿಬರಹ ಅಂಬೋದು ಏನೂ ಇಲ್ಲ. ತೊಟ್ಟಿಲದಾಗ ಆಡಿದ ಮಾತು ಹಿಡ್ಕೊಂಡು ಎಷ್ಟ್ ದಿನ ಕೂಡೋದು? ಸೃಷ್ಟಿ ತನ್ನ ಮನಸ್ಸಿಗಿ ಬಂದೋನ್ನ ಆರಿಸ್ಕೊಳ್ಲಿ. ನಾ ಆಕಿಗಿ ಪೂರಾ ಆಜಾದಿ ಕೊಡ್ಲಾಕತ್ತೀನಿ.’ ಕೇಳಿದಿರಾ? ಕೊಡುತ್ತಾನಂತೆ! ನನ್ನ ಮಗಳ ಸ್ವಾತಂತ್ರ್ಯ ಇಷ್ಟು ದಿನ ಇವನ ಅಂಗಿಯ ಜೇಬಿನಲ್ಲಿತ್ತೇ? ಕೆದಕಿ ಕೇಳಿದರೆ ಬೀದರಿನಲ್ಲಿ ಒಬ್ಬ ಇಂಜಿನಿಯರರ ಮಗಳ ಜೊತೆ ಮಾತುಕತೆ ಮುಗಿದಿದೆ, ಮುಂದಿನ ತಿಂಗಳು ನಿಶ್ಚಯ. ತನ್ನ ಬಾಯಿಂದ ಬರದ ಮಾತನ್ನು ಸಿನಿಮಾದವರ ಬಾಯಿಂದ ಆಡಿಸಲು ನಮ್ಮನ್ನು ಬಸ್ಸು ಹತ್ತಿಸಿ ಕರೆಸಿದ್ದ. ಸೃಷ್ಟಿ ತನ್ನ ತಟ್ಟೆಯ ಭಜಿ ಪೂರಾ ತಿಂದು, ಪೇಪರಿನಲ್ಲಿ ಬೆರಳು ಒರೆಸಿ, ‘ಏಳವ್ವಾ, ಬಸ್ ಹೋಗ್ತದ’ ಎಂದಳು. ನಾನು ಬಾಳೆಹಣ್ಣಿನ ಚೀಲ ವಾಪಸ್ ತಂದೆ. ಬಸ್ಸಿನಲ್ಲಿ ಗುರುತಿಲ್ಲದವರಿಗೆಲ್ಲ ಹಂಚಿದೆ, ಕಂಡಕ್ಟರನಿಗೆ ಎರಡು ಕೊಟ್ಟೆ.

ಈಗ ನಿಮ್ಮ ಪಾಳಿ. ಮಗಳ ಹೆಸರಿಡುವ ದಿನ ನಿಮ್ಮ ಅಕ್ಕ ತೊಟ್ಟಿಲಿಗೆ ಬಗ್ಗಿ ಅದರ ಕಿವಿಯಲ್ಲಿ ಕುರ್ರ್ ಎಂದು ಹೆಸರು ಹೇಳಿದರು. ಹೆಂಗಸರೆಲ್ಲ ಪದ್ಧತಿಯಂತೆ ಅವರ ಬೆನ್ನಿಗೆ ಗುದ್ದಿದರು. ಗುದ್ದು ತಿನ್ನುತ್ತಲೇ ‘ಇಕಿ ನನ್ನ ಸೊಸಿ, ಯಾರೂ ಕಣ್ಣ್ ಹಾಕಬ್ಯಾಡ್ರಿ’ ಎಂದರು. ಆಗ ಎಲ್ಲರಿಗಿಂತ ಜೋರಾಗಿ ನಕ್ಕವರು ನೀವು. ಪಂಚಾಂಗವನ್ನು ಮನೆಯಿಂದ ಆಚೆ ಹಾಕಿದವರು, ರಜೆಗೆ ಬಂದಾಗಲೆಲ್ಲ ಬುದ್ಧ ವಿಹಾರದಲ್ಲಿ ಹುಡುಗರನ್ನು ಕೂಡಿಸಿ ‘ಹಣಿಬರಹ ಅಂಬೋದು ಸುಳ್ಳು, ಬಾಬಾಸಾಹೇಬರು ನಮಗ ವಿದ್ಯಾ ಕೊಟ್ಟಾರ’ ಎಂದು ಭಾಷಣ ಬಿಗಿಯುವವರು. ಬ್ರಹ್ಮ ಬರೆದದ್ದನ್ನು ಅಳಿಸಿದಿರಿ, ನಿಮ್ಮ ಅಕ್ಕ ಆಡಿದ್ದನ್ನು ಮಾತ್ರ ಅಳಿಸಲಿಲ್ಲ. ಮಗಳಿಗೆ ಹೈದರಾಬಾದಿನಲ್ಲಿ ನರ್ಸಿಂಗ್ ಸೀಟು ಸಿಕ್ಕಾಗ ಸಾವಿತ್ರಿಬಾಯಿ ಅಕ್ಕ ‘ನಮ್ಮ ಸೊಸಿ ಅಷ್ಟ್ ದೂರ ಹೋಗೋದು ಬ್ಯಾಡ’ ಎಂದರು, ನೀವು ಫೋನಿನಲ್ಲೇ ಹೂಂ ಎಂದಿರಿ, ಹುಡುಗಿ ಇಲ್ಲೇ ಖಾಸಗಿ ಶಾಲೆಯಲ್ಲಿ ಚಿಕ್ಕ ಮಕ್ಕಳ ಮೂಗು ಒರೆಸುತ್ತ ಕೂತಳು. ಪ್ರತಿ ಭೀಮ ಜಯಂತಿಗೆ ಆ ಮನೆಗೆ ಹೋಗಿ ರೊಟ್ಟಿ ಬಡಿದು ಬಂದಳು. ಇಷ್ಟೆಲ್ಲ ಮಾಡಿಸಿಕೊಂಡು ಈಗ ಹಣೆಬರಹ ಇಲ್ಲವಂತೆ!

ಅವಳು ಅವನಿಗಾಗಿ ಅಳುತ್ತಾಳೆ ಎಂದುಕೊಂಡಿದ್ದೆ. ಬಸ್ಸು ಊರು ದಾಟಿದ ಮೇಲೆ ಅತ್ತಳು, ನಿಜ. ಸಮಾಧಾನ ಮಾಡಲು ಹೋದರೆ ಕೈ ತೆಗೆದು ಹಾಕಿದಳು. ‘ಅಂವ ಬ್ಯಾಡ ಅಂದಿದ್ದಕ್ಕ ಅಳ್ಲಾಕತ್ತಿಲ್ಲವ್ವಾ. ಅಂವ ನನಗ ಬೇಕಿದ್ದನೋ ಇಲ್ಲೋ, ಅದೇ ನನಗ ಗೊತ್ತಿಲ್ಲ. ಸಣ್ಣಾಕಿ ಇದ್ದಾಗಿಂದ ಅವನ ಹೆಂಡ್ತಿ, ಅವನ ಹೆಂಡ್ತಿ ಅಂದ್ರಿ. ನನಗ ಯಾರೂ ಕೇಳೇ ಇಲ್ಲ.’ ಈ ಮಾತಿಗೆ ನಿಮ್ಮ ಹತ್ತಿರ ಉತ್ತರ ಇದ್ದರೆ ಬರೆದು ಕಳಿಸಿರಿ.

ಮನೆಗೆ ಬಂದು ನಿಮಗೆ ಫೋನು ಹಚ್ಚಿದರೆ ನೀವು ಅಂದದ್ದೇನು? ‘ಅಕ್ಕ ನನಗ ಹಿಂದೇ ಹೇಳ್ಯಾಳ, ನೀ ಬ್ಯಾಸರ ಮಾಡ್ಕೋತಿ ಅಂತ ಹೇಳಿಲ್ಲ.’ ಅಂದರೆ ಅಕ್ಕ ತಮ್ಮ ಕೂಡಿ ಮುರಿದಿರಿ, ತಾಯಿ ಮಗಳು ಓಢಣಿ ಆರಿಸುತ್ತ ಕೂತಿದ್ದೆವು. ಅದರ ಮೇಲೆ ಇನ್ನೊಂದು: ‘ಚಿಂತಿ ಮಾಡಬ್ಯಾಡ. ನಮ್ಮ ಕ್ಯಾಂಪಿನ ದತ್ತಪ್ಪನ ಮಗ ಇದ್ದಾನ, ನಾ ಮಾತು ಕೊಟ್ಟೀನಿ. ಈ ಐತಾರ ನೋಡ್ಲಾಕ ಬರ್ತಾರ, ಶಿರಾ ಮಾಡಿ ಇಡು.’ ಒಂದು ಗಾಯಕ್ಕೆ ಎಣ್ಣೆ ಹಚ್ಚುವ ಮೊದಲೇ ಇನ್ನೊಂದು ಕಡೆ ಗುದ್ದಿದಿರಿ. ನಾನು ಬಾಯಿ ತೆಗೆಯುವಷ್ಟರಲ್ಲಿ ಟವರ್ ಹೋಯಿತು. ಇಪ್ಪತ್ತನಾಲ್ಕು ವರ್ಷದ ಹುಡುಗಿ ಪಕ್ಕದ ಕೋಣೆಯಲ್ಲೇ ಇದ್ದಳು. ‘ಅವಳ ಕೈಗೆ ಫೋನು ಕೊಡು, ಕೇಳುತ್ತೇನೆ’ ಎಂದಿದ್ದರೆ ನಿಮ್ಮ ಬಾಯಿ ಸವೆಯುತ್ತಿತ್ತೇ? ಆ ಪಿಚ್ಚರಿನ ಯಂತ್ರ ನಿಮಗಿಂತ ವಾಸಿ. ಅದಕ್ಕೆ ಕೇಳಲು ಬಾಯಿ ಇರಲಿಲ್ಲ.

ಇನ್ನೂ ಬರೆದರೆ ಕಾಗದ ಹರಿದೀತು. ಹೊತ್ತಿಗೆ ಸರಿಯಾಗಿ ಉಣ್ಣಿರಿ, ಕಾಡಿನ ಹಾದಿಯಲ್ಲಿ ನೋಡಿ ಕಾಲಿಡಿರಿ. ನಿಮಗೇನಾದರೂ ಆದರೆ ನಾನು ಸಿಟ್ಟು ಮಾಡುವುದಾದರೂ ಯಾರ ಮೇಲೆ? ಮಗಳು ನಮಸ್ಕಾರ ಹೇಳಲಿಲ್ಲ, ಹೇಳೆಂದು ನಾನೂ ಹೇಳಲಿಲ್ಲ.

ಸಿಟ್ಟಿನಲ್ಲೂ ನಿಮ್ಮ ಹಾದಿ ನೋಡುವ,
ಕಾವೇರಿ

ತಾ.ಕ.: ಪೋಸ್ಟಿನ ಡಬ್ಬಿಯ ಮುಂದೆ ನಿಂತು ಬರೆಯುತ್ತಿದ್ದೇನೆ. ಇದು ನಿಮ್ಮ ಕೈ ಸೇರುವಷ್ಟರಲ್ಲಿ ಭಾನುವಾರ ಕಳೆದಿರುತ್ತದೆ. ದತ್ತಪ್ಪನವರ ಮನೆಗೆ ಸೃಷ್ಟಿಯೇ ಫೋನು ಮಾಡಿ, ಮರ್ಯಾದೆಯಿಂದ, ಬರಬೇಡಿರಿ ಎಂದಳು. ನಾನು ಪಕ್ಕದಲ್ಲಿ ಕೂತಿದ್ದೆ. ಮಾತು ಕೊಟ್ಟವರು ನೀವು, ಕ್ಷಮೆ ಕೇಳುವವರೂ ನೀವೇ. ಇನ್ನೊಂದು. ಆ ದಿನ ಬಸ್ಸು ಇಳಿಯುವಾಗ ಅವಳು ನನ್ನನ್ನು ಕೇಳಿದಳು, ‘ನಿನಗ ಯಾರಾರ ಕೇಳಿದ್ರೇನವ್ವಾ?’ ನನ್ನ ತೊಟ್ಟಿಲಿಗೆ ಬಗ್ಗಿ ಹೆಸರು ಹೇಳಿ ಸೊಸೆ ಎಂದ ಸೋದರತ್ತೆ ನಿಮ್ಮ ಅವ್ವ. ನನ್ನ ಅಪ್ಪ ಕೇಳಲಿಲ್ಲ, ನಿಮ್ಮ ಅವ್ವ ಕೇಳಲಿಲ್ಲ, ಇಷ್ಟು ವರ್ಷ ಜೊತೆಗೆ ಉಂಡ ನೀವೂ ಕೇಳಲಿಲ್ಲ. ಈ ಸಲ ರಜೆಗೆ ಬಂದಾಗ ಚೀಲ ಹೊಸ್ತಿಲ ಹೊರಗೇ ಇಟ್ಟು ಒಮ್ಮೆ ಕೇಳಿರಿ. ಏನು ಹೇಳುತ್ತೇನೋ ನನಗೂ ಗೊತ್ತಿಲ್ಲ.